ಪಂಚಾಯತಕ್ಕೆ ಬಂದ ತಕರಾರು ಅರ್ಜಿ: ಆವಕ ವಹಿಯಿಂದ ಕಡತ ಮುಗಿಯುವವರೆಗೆ

ನಮ್ಮ ಉತ್ತರ ಕನ್ನಡದ ಕಡೆ ಗ್ರಾಮ ಪಂಚಾಯತಕ್ಕೆ ಬರುವ ತಕರಾರಿಗೂ ಹಂಗಾಮು ಉಂಟು. ಜೂನ್ ಮೊದಲ ಮಳೆ ಬಿದ್ದರೆ ಗಟಾರ ಮತ್ತು ಕಾಲುಸಂಕ. ಡಿಸೆಂಬರಿನಿಂದ ಪ್ರವಾಸಿಗರ ಕಸ, ಮೈಕು. ಮಾರ್ಚಿನಿಂದ ಮೇ ತನಕ ಕುಡಿಯುವ ನೀರು. ಶಿರಸಿ, ಸಿದ್ದಾಪುರದ ಬದಿಗೆ ತೋಟದ ದಾರಿ, ಕೋಳಿ ಅಂಗಡಿಯ ತ್ಯಾಜ್ಯ ಹೆಚ್ಚು. ಕಾರವಾರ, ಅಂಕೋಲಾ, ಕುಮಟಾ ಪಟ್ಟಿಯಲ್ಲಿ ಉಪ್ಪಾದ ಬಾವಿ, ಮೀನು ಮಾರುವ ಜಾಗದ ಕೊಳಚೆ, ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಟ್ಟು. ದಾರಿ ಒತ್ತುವರಿ ಮಾತ್ರ ಹನ್ನೆರಡು ತಿಂಗಳೂ.

ಅರ್ಜಿ ಕೆಡುವುದು ಬಹುತೇಕ ಮೊದಲ ದಿನವೇ. ಆವಕ ವಹಿಯಲ್ಲಿ, ಅಂದರೆ ಬಂದ ಕಾಗದ ದಾಖಲಿಸುವ ಪುಸ್ತಕದಲ್ಲಿ, ನಂಬರು ಬೀಳಬೇಕು, ಅರ್ಜಿದಾರರ ಪ್ರತಿಯ ಮೇಲೆ ಶಿಕ್ಕಾ, ದಿನಾಂಕ, ತೆಗೆದುಕೊಂಡವರ ಸಹಿ ಬೀಳಬೇಕು. ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೊ ಅರ್ಜಿಯಲ್ಲ, ಸದಸ್ಯರ ಮನೆ ಜಗಲಿಯಲ್ಲಿ ಹೇಳಿದ್ದೂ ಅಲ್ಲ. ಬರೆಯಲು ಬಾರದವರು ಬಂದರೆ ಅಲ್ಲೇ ಕೂರಿಸಿ ಬರೆದುಕೊಂಡು, ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಪಡೆಯುತ್ತೇವೆ. ಸರ್ವೆ ನಂಬರು ಅಥವಾ ಮನೆ ನಂಬರು, ಯಾವಾಗಿನಿಂದ ತೊಂದರೆ, ಯಾರಿಂದ, ಕೊನೆಗೆ ಏನಾಗಬೇಕು, ಇಷ್ಟನ್ನು ಕೇಳಿ ತಿಳಿದುಕೊಳ್ಳುತ್ತೇವೆ. ಕೊನೆಯದನ್ನು ಯಾರೂ ಬರೆಯುವುದಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದಷ್ಟೇ ಇರುತ್ತದೆ. ಬೇಲಿ ಎರಡಡಿ ಹಿಂದೆ ಸರಿದರೆ ಸಾಕೋ, ಇಡೀ ಪಾಗಾರ ಬೀಳಬೇಕೋ ಎಂಬುದು ಅಲ್ಲೇ ಗೊತ್ತಾದರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ.

ಅದೇ ದಿನ ವ್ಯಾಪ್ತಿ ನೋಡಬೇಕು. ಹೆದ್ದಾರಿ 66ರ ಬದಿ ನೀರು ನಿಂತರೆ ಅದು ಹೆದ್ದಾರಿ ಪ್ರಾಧಿಕಾರದ್ದು. ದೇವಿಮನೆ ಘಟ್ಟದಲ್ಲಿ ಎಸೆದ ಕಸಕ್ಕೆ ಅರಣ್ಯ ಇಲಾಖೆಯೂ ಬೇಕು. ತೋಟಿಗರ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಜಾಗದ) ತಕರಾರು ಕಂದಾಯ ಮತ್ತು ಅರಣ್ಯಕ್ಕೆ. ಸಮುದ್ರ ದಂಡೆಯ ಕಟ್ಟಡವಾದರೆ ಪಂಚಾಯತದ ಪರವಾನಿಗೆ ಒಂದರಿಂದಲೇ ಆಗುವುದಿಲ್ಲ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಇದೆ. ಅದರ ಪ್ರಾದೇಶಿಕ ನಿರ್ದೇಶಕರ ಕಚೇರಿ ಕಾರವಾರದಲ್ಲಿದೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದ್ದು 2000ದ ಶಬ್ದಮಾಲಿನ್ಯ ನಿಯಮ. ಬಯಲಾಟದ ಮೈಕಿನ ಅರ್ಜಿ ಪೊಲೀಸ್ ಠಾಣೆಗೆ ಹೋಗಬೇಕು. ಬೀದಿನಾಯಿಯನ್ನು ಹಿಡಿದು ಪಕ್ಕದ ಊರಿಗೆ ಬಿಟ್ಟು ಬರುವ ಹಳೇ ಉಪಾಯ ನಿಯಮಬಾಹಿರ, ಸಂತಾನಹರಣ ಮತ್ತು ಲಸಿಕೆಯೇ ದಾರಿ.

‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳುವ ರೂಢಿ ಇದೆ. ಹಾಗೆ ಮಾಡಿದ ಅರ್ಜಿ ಗ್ರಾಮಸಭೆಯಲ್ಲಿ ಎರಡು ಪಟ್ಟು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಸಂಬಂಧಪಟ್ಟ ಇಲಾಖೆಗೆ ಪಂಚಾಯತವೇ ಪತ್ರ ಬರೆದು, ಜಾವಕ (ಹೊರಹೋಗುವ ಪತ್ರದ) ನಂಬರಿನ ಸಮೇತ ಒಂದು ಪ್ರತಿ ಅರ್ಜಿದಾರರಿಗೆ ಕೊಟ್ಟರೆ ಮುಂದೆ ಕೇಳಲು ಅವರ ಕೈಯಲ್ಲೂ ಒಂದು ಕಾಗದ ಇರುತ್ತದೆ.

ಇನ್ನು ದಾರಿ ಒತ್ತುವರಿ. ಮೊದಲು ಆ ದಾರಿ ಯಾರದ್ದು ಎಂಬುದು ತೀರ್ಮಾನವಾಗಬೇಕು. ಪಂಚಾಯತದ ರಸ್ತೆ ವಹಿಯಲ್ಲಿದೆಯೇ, ಗಾಂವಠಾಣದ (ಊರಿನ ವಸತಿ ಜಾಗದ) ನಕಾಶೆಯಲ್ಲಿದೆಯೇ, ಸರ್ವೆ ನಕಾಶೆಯಲ್ಲಿ ಬಂಡಿದಾರಿಯ ಗೆರೆ ಇದೆಯೇ ನೋಡುತ್ತೇವೆ. ಮೂರರಲ್ಲೂ ಇಲ್ಲದೆ ಒಬ್ಬರ ಮಾಲ್ಕಿ ಜಾಗದೊಳಗೆ ಹಾದು ಹೋಗುವ ಕಾಲುದಾರಿಯಾದರೆ ಅದು ವಹಿವಾಟಿನ ಹಕ್ಕಿನ ಪ್ರಶ್ನೆ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ಎಡೆಬಿಡದೆ, ತಡೆಯಿಲ್ಲದೆ, ಹಕ್ಕಿನಿಂದ ನಡೆದಿದ್ದಾರೆಯೇ ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಅಲ್ಲಿ ಪಂಚಾಯತ ಠರಾವು (ನಿರ್ಣಯ) ಮಾಡಿ ಬೇಲಿ ಕೀಳಿಸಿದರೆ ಮರುವಾರ ತಡೆಯಾಜ್ಞೆ ಬರುತ್ತದೆ, ಕೋರ್ಟಿನಲ್ಲಿ ಉತ್ತರ ಹೇಳಬೇಕಾದದ್ದು ಪಿಡಿಓ (ಪಂಚಾಯತ ಅಭಿವೃದ್ಧಿ ಅಧಿಕಾರಿ).

ಸಾರ್ವಜನಿಕ ರಸ್ತೆಯೇ ಎಂದಾದರೆ ಪಂಚಾಯತ ರಾಜ್ ಕಾಯ್ದೆಯ 72ನೇ ಪ್ರಕರಣ ಕೈಯಲ್ಲಿದೆ. ಆದರೆ ನೋಟಿಸಿಗೆ ಮುಂಚೆ ಅಳತೆ. ದಾಖಲೆಯಲ್ಲಿ ಇರುವ ಅಗಲ ಎಷ್ಟು, ಸ್ಥಳದಲ್ಲಿ ಉಳಿದದ್ದು ಎಷ್ಟು, ಎಷ್ಟು ಉದ್ದಕ್ಕೆ ಒಳಗೆ ಬಂದಿದೆ ಎಂದು ಕನಿಷ್ಠ ಮೂರು ಕಡೆ ಟೇಪು ಹಿಡಿಯುತ್ತೇವೆ. ಮೂಲಬಿಂದುವಾಗಿ ಕದಲದ ಗುರುತು ಬೇಕು: ಸರ್ವೆ ಕಲ್ಲು, ಬಾವಿಕಟ್ಟೆ, ಶಾಲೆಯ ಮೂಲೆ. ದಣಪೆ (ಬೇಲಿಯ ಬಿದಿರು-ಗಳುವಿನ ಬಾಗಿಲು) ಅಥವಾ ತೆಂಗಿನ ಮರದಿಂದ ಅಳೆದ ಪಂಚನಾಮೆ (ಸಾಕ್ಷಿಗಳ ಎದುರು ಬರೆದ ಸ್ಥಳ ವರದಿ) ನಿಲ್ಲುವುದಿಲ್ಲ; ದಣಪೆ ಸರಿಯುತ್ತದೆ, ಮರ ಬೀಳುತ್ತದೆ. ಅಗಳದ (ತೋಟದ ಸುತ್ತ ತೋಡಿದ ಕಂದಕದ) ಯಾವ ಅಂಚು ಹದ್ದು ಎಂಬ ಜಗಳ ಘಟ್ಟದ ಮೇಲೆ ಮಾಮೂಲಿ. ಅಂಥಲ್ಲಿ ಟೇಪು ಮಡಚಿ ಇಟ್ಟು ಭೂಮಾಪಕರಿಂದ ಹದ್ದುಬಸ್ತು (ಗಡಿ ಅಳೆದು ಗುರುತು) ಮಾಡಿಸಲು ಬರೆಯುವುದೇ ಸರಿ. ಅಳತೆಗೆ ಎರಡೂ ಕಡೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಇಬ್ಬರು ಪಂಚರ ಸಹಿ ತೆಗೆದುಕೊಳ್ಳಬೇಕು. ಪಂಚರು ಆ ಕೇರಿಯವರಾಗಿರಲಿ, ನೆಂಟರಾಗಿರುವುದು ಬೇಡ. ಚಿಕ್ಕ ಊರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ.

ನೋಟಿಸಿನಲ್ಲಿ ‘ಅತಿಕ್ರಮಣ ತೆರವುಗೊಳಿಸಿ’ ಎಂದಷ್ಟೇ ಬರೆದರೆ ಅದು ಬರೀ ಬೆದರಿಕೆ. ರಸ್ತೆಯ ಹೆಸರು, ಸರ್ವೆ ನಂಬರು, ದಾಖಲೆಯ ಅಗಲ, ಪಂಚನಾಮೆಯ ದಿನಾಂಕ, ಎಷ್ಟು ಅಡಿ ತೆಗೆಯಬೇಕು, ಎಷ್ಟು ದಿನದಲ್ಲಿ, ಯಾವ ಪ್ರಕರಣದಡಿ, ಹೇಳಿಕೆ ಕೊಡುವುದಿದ್ದರೆ ಯಾವ ದಿನ ಎಂಬುದೆಲ್ಲ ಇರಬೇಕು. ಬಿಲ್ ಕಲೆಕ್ಟರ್ ಕೊಂಡೊಯ್ದಾಗ ‘ಯಜಮಾನರು ಮನೆಯಲ್ಲಿಲ್ಲ’ ಎಂದರೆ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದು, ಇಬ್ಬರ ಸಹಿಯೊಂದಿಗೆ ವರದಿ. ಜೊತೆಗೆ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಪ್ರತಿ. ಮಳೆಗಾಲದಲ್ಲಿ ಅಂಟಿಸಿದ ಕಾಗದ ಸಂಜೆಯೊಳಗೆ ಕರಗಿ ಹೋಗುತ್ತದೆ, ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿಯೇ ಅಂಟಿಸುತ್ತೇವೆ.

ಬಾವಿ ಮತ್ತು ಶೌಚಗುಂಡಿಯ ತಕರಾರು ಇದಕ್ಕಿಂತ ಸೂಕ್ಷ್ಮ. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಸರಿ ಇರುತ್ತದೆ. ಜುಲೈಯಲ್ಲಿ ಅಂತರ್ಜಲ ಮೇಲೆದ್ದು ಗುಂಡಿಯ ತಳ ಮುಟ್ಟಿದಾಗ ಮಲಿನ ನೀರು ಉಸುಕಿನಲ್ಲಿ, ಚಿರೇಕಲ್ಲಿನ ಸಂದಿನಲ್ಲಿ ಸಲೀಸಾಗಿ ಬಾವಿಗೆ ಇಳಿಯುತ್ತದೆ. ಹಾಗಾಗಿ ಸ್ಥಳ ತನಿಖೆ ಮಳೆಗಾಲದಲ್ಲೇ ಆಗಬೇಕು. ನೀರಿನ ಮಟ್ಟ ಮೇಲಿರುವ ಜಾಗದಲ್ಲಿ ಇಂಗುಗುಂಡಿಗೂ ಬಾವಿಗೂ ಕನಿಷ್ಠ 10 ಮೀಟರ್ ಇರಬೇಕೆಂಬುದನ್ನು ಹಿಡಿದುಕೊಂಡು ಅಳೆಯುತ್ತೇವೆ, ಇಳಿಜಾರು ಯಾವ ಕಡೆಗೆ ಎಂದೂ ಬರೆದಿಡುತ್ತೇವೆ. ಎಚ್‌ಟೂಎಸ್ ಬಾಟಲಿಗೆ (ನೀರಿನಲ್ಲಿ ಮಲದ ರೋಗಾಣು ಇದೆಯೇ ಎಂದು ತೋರಿಸುವ ಪರೀಕ್ಷಾ ಬಾಟಲಿ) ಗೆರೆಯ ತನಕ ಬಾವಿ ನೀರು ತುಂಬಿಟ್ಟರೆ 24ರಿಂದ 48 ತಾಸಿನಲ್ಲಿ ಕಪ್ಪಾದದ್ದು ಮಲಿನ. ನೆರೆಯವರ ಬಾವಿಯದ್ದೂ ಒಂದು ಬಾಟಲಿ ಇಡಬೇಕು. ಎರಡೂ ಕಪ್ಪಾದರೆ ಮೂಲ ಬೇರೆಲ್ಲೋ ಇರಬಹುದು, ದೂರು ಬಂದ ಗುಂಡಿಯೊಂದನ್ನೇ ದೂಷಿಸಿ ಉಪಯೋಗವಿಲ್ಲ.

ಜಗಳ ತೀರುವ ತನಕ ಬಾವಿ ನೀರು ಕುಡಿಯುವವರು ಕಾಯುವಂತಿಲ್ಲ. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ. ಬಾವಿಯ ವ್ಯಾಸ 2 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಹತ್ತಿರ. ಪುಡಿಯನ್ನು ನೇರ ಸುರಿಯಬಾರದು: ಬಕೆಟ್ಟಿನಲ್ಲಿ ಕಲಸಿ, ನೀರು ಬೆರೆಸಿ, ಐದು ಹತ್ತು ನಿಮಿಷ ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಡಪಾನದಲ್ಲಿ ಬಾವಿಗೆ ಇಳಿಸಿ ಕದಡಬೇಕು. ಒಂದು ತಾಸು ಬಿಟ್ಟು ಉಳಿದ ಕ್ಲೋರಿನ್ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಸಿಗಬೇಕು. ಸಿಗದಿದ್ದರೆ ಹೆಚ್ಚಿನ ಸಲ ತಪ್ಪು ಲೆಕ್ಕದ್ದಲ್ಲ, ಪುಡಿಯದ್ದು. ಕರಾವಳಿಯ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲ ಸತ್ವ ಕಳೆದುಕೊಳ್ಳುತ್ತದೆ. ವರ್ಷದ್ದನ್ನೆಲ್ಲ ಏಪ್ರಿಲ್ಲಿನಲ್ಲೇ ಒಟ್ಟಿಗೆ ಖರೀದಿಸುವುದು ಲೆಕ್ಕಪತ್ರಕ್ಕೆ ಅನುಕೂಲ, ಬಾವಿಗೆ ಅಲ್ಲ.

ದಂಡದ ವಿಷಯದಲ್ಲಿ ಪಂಚಾಯತಗಳು ಎಡವುವುದು ಬೋರ್ಡಿನಲ್ಲಿ. ‘ಇಲ್ಲಿ ಕಸ ಎಸೆದರೆ 500 ರೂಪಾಯಿ ದಂಡ’ ಎಂದು ತಗಡು ಹೊಡೆದು ನಿಲ್ಲಿಸಿ ಬಿಡುತ್ತಾರೆ, ಹಿಂದೆ ಬರೀ ಒಂದು ಠರಾವು ಇರುತ್ತದೆ. ಠರಾವು ಪಂಚಾಯತದ ಒಳಗಿನ ತೀರ್ಮಾನ. ಊರವರ ಕಿಸೆಗೆ ಕೈ ಹಾಕಲು ಉಪವಿಧಿ, ಅಂದರೆ ಕಾಯ್ದೆಯಡಿ ಪಂಚಾಯತ ಮಾಡಿಕೊಂಡ ನಿಯಮ, ಬೇಕು. ಘನತ್ಯಾಜ್ಯಕ್ಕೆ ಇಲಾಖೆಯ ಮಾದರಿ ಉಪವಿಧಿ ಇದೆ, ಅದನ್ನೇ ಎತ್ತಿಕೊಂಡು ದರಗಳನ್ನು ಊರಿಗೆ ಹೊಂದಿಸುವುದು ಜಾಣತನ. ಕರಡನ್ನು ಪಂಚಾಯತ, ಅಂಗನವಾಡಿ, ಸೊಸೈಟಿಯ ಫಲಕಕ್ಕೆ ಹಚ್ಚಿ, ಆಕ್ಷೇಪಣೆ ಪಡೆದು, ಪ್ರತಿ ಆಕ್ಷೇಪಣೆಗೂ ಒಂದು ಸಾಲಿನ ಉತ್ತರ ನಡಾವಳಿಯಲ್ಲಿ ಬರೆದು, ಆಮೇಲೆ ಜಿಲ್ಲಾ ಪಂಚಾಯತದ ಮಂಜೂರಾತಿಗೆ ಕಳಿಸಬೇಕು. ವಸೂಲಿಗೆ ಪಾವತಿ ಪುಸ್ತಕ ಬೇಕೇ ಬೇಕು; ರಸೀದಿ ಇಲ್ಲದ ದಂಡ ಲಂಚದಂತೆ ಕಾಣುತ್ತದೆ. ಮೀನು ಮಾರುವ ಹೆಂಗಸರಿಗೂ ರೆಸಾರ್ಟಿನವರಿಗೂ ಒಂದೇ ಶುಲ್ಕ ಬರೆದ ಕರಡು ಗ್ರಾಮಸಭೆಯಲ್ಲಿ ಪಾಸಾಗುವುದೂ ಇಲ್ಲ, ಆಗಬಾರದು ಕೂಡ.

ಸಾಮಾನ್ಯ ಸಭೆಗೆ ವಿಷಯ ಬಂದಾಗ ಅರ್ಜಿಯಲ್ಲಿ ಸಂಬಂಧ ಇರುವ ಸದಸ್ಯರು ಚರ್ಚೆಯಿಂದ ಹೊರಗುಳಿದದ್ದನ್ನು ನಡಾವಳಿಯಲ್ಲಿ ಕಾಣಿಸುತ್ತೇವೆ. ಕಾರಣ ಬರೆಯದ ಠರಾವು ಬಹಳ ದಿನ ಬಾಳುವುದಿಲ್ಲ: 269ನೇ ಪ್ರಕರಣದಡಿ 30 ದಿನದೊಳಗೆ ಮೇಲ್ಮನವಿ ಹೋಗುತ್ತದೆ, ಕಾಯ್ದೆ ಮೀರಿದ್ದಾದರೆ 237ರಡಿ ತಡೆ ಬೀಳುತ್ತದೆ. ಮೇಲಿನವರು ಓದುವುದು ನಡಾವಳಿ ಮತ್ತು ಪಂಚನಾಮೆಯನ್ನೇ ಹೊರತು ಸಭೆಯಲ್ಲಿ ಯಾರು ಎಷ್ಟು ಜೋರಾಗಿ ಮಾತಾಡಿದರು ಎಂಬುದನ್ನಲ್ಲ.

ತೆರವಾದ ದಿನ ಕಡತ ಮುಚ್ಚುವುದಿಲ್ಲ. ಅದೇ ಮೂರು ಬಿಂದುಗಳಲ್ಲಿ ಮತ್ತೆ ಟೇಪು ಹಿಡಿದು, ಫೋಟೊ ಸೇರಿಸಿ, ಅರ್ಜಿದಾರರಿಗೆ ಹಿಂಬರಹ ಕೊಡುತ್ತೇವೆ. ಗಟಾರದ ಅರ್ಜಿಯಾದರೆ ಒಂದು ಜೋರು ಮಳೆ ಬಿದ್ದು, ನೀರು ಇಳಿದು ಹೋದದ್ದನ್ನು ನೀರುಗಂಟಿ (ಪಂಚಾಯತದ ನೀರು ಬಿಡುವವರು) ನೋಡಿ ಬಂದು ಸಹಿ ಹಾಕುವ ತನಕ ಅದು ಬಾಕಿ ಪಟ್ಟಿಯಲ್ಲೇ ಇರುತ್ತದೆ.