ಗಾಡಿ ನಂಬರ್ ಒಡೆಯುವುದನ್ನು ನಾನು ಕಲಿತ ಬಗೆ

ದಿನಾ ಬೆಳಗ್ಗೆ ಬಸ್ಸಿನಲ್ಲಿ ಒಂದು ಗಂಟೆ ಕೂರಬೇಕು. ಆ ಹೊತ್ತಿನಲ್ಲಿ ಮೊಬೈಲ್ ತೆಗೆಯುವುದನ್ನು ಬಿಟ್ಟು ಮುಂದಿನ ಗಾಡಿಗಳ ನಂಬರ್ ನೋಡುತ್ತೇನೆ. ಕೊನೆಯ ನಾಲ್ಕು ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆಗಳ ಗುಣಾಕಾರವಾಗಿ ಒಡೆಯಬೇಕು, ಪೆನ್ನು ಪೇಪರ್ ಇಲ್ಲದೆ.

ಮೊದಮೊದಲು ಎಲ್ಲಿಗೆ ನಿಲ್ಲಿಸಬೇಕು ಅನ್ನುವುದರಲ್ಲೇ ತಪ್ಪುತ್ತಿದ್ದೆ. ಒಂದು ದಿನ 2701 ಸಿಕ್ಕಿತು. 31ರವರೆಗೆ ಭಾಗಿಸಿ ನೋಡಿ, ಯಾವುದೂ ಹೋಗದ್ದಕ್ಕೆ ಇದು ಅವಿಭಾಜ್ಯ ಅಂದುಕೊಂಡೆ. ಸಂಜೆ ಮನೆಗೆ ಬಂದು ಬರೆದು ನೋಡಿದರೆ 37 × 73! ಒಂದು ಸಂಖ್ಯೆ ಒಡೆಯುವುದಾದರೆ ಒಂದು ತುಂಡಾದರೂ ಅದರ ವರ್ಗಮೂಲವನ್ನು ದಾಟುವುದಿಲ್ಲ. 52ರ ವರ್ಗ 2704, ಹಾಗಾಗಿ 47ರವರೆಗೆ ನೋಡಲೇಬೇಕಿತ್ತು. ನಾಲ್ಕಂಕಿಯ ಯಾವ ಸಂಖ್ಯೆಗಾದರೂ 97 ಕೊನೆ. ಅಲ್ಲಿಗೆ ಒಟ್ಟು 25 ಅವಿಭಾಜ್ಯಗಳು, ಅಷ್ಟನ್ನೂ ಬಾಯಿಪಾಠ ಮಾಡಿಕೊಂಡೆ.

2, 3, 5 ನೋಡುತ್ತಲೇ ಗೊತ್ತಾಗುತ್ತವೆ. 7, 11, 13 ಮೂರಕ್ಕೂ ಒಂದೇ ಕಳೆಯುವ ಲೆಕ್ಕ ಸಾಕು, ನನಗೆ ತುಂಬಾ ಇಷ್ಟವಾದದ್ದು ಇದೇ. 7 × 11 × 13 ಅಂದರೆ 1001. ಅದಕ್ಕೆ ಸಾವಿರದ ಅಂಕಿಯನ್ನು ಉಳಿದ ಮೂರಂಕಿಯಿಂದ ಕಳೆದರೆ ಆಯಿತು. 4823 ತಗೊಳ್ಳಿ: 823ರಲ್ಲಿ 4 ಕಳೆದರೆ 819. ಅದು 7 × 117, 117 ಅಂದರೆ 9 × 13. ಹಾಗಾದರೆ 4823ಕ್ಕೆ 7ರಿಂದಲೂ 13ರಿಂದಲೂ ಭಾಗ ಹೋಗುತ್ತದೆ, ಉಳಿಯುವುದು 53. ಆದರೆ 819ರಲ್ಲಿ ಕಂಡ 9ನ್ನು ನಂಬಬೇಡಿ, 1001ರಲ್ಲಿ 3 ಇಲ್ಲವಲ್ವಾ, ಈ ಉಪಾಯ 7, 11, 13ಕ್ಕೆ ಮಾತ್ರ.

17ರಿಂದ ಮುಂದಕ್ಕೆ ಕೊನೆಯ ಅಂಕಿಯನ್ನು ಸೊನ್ನೆ ಮಾಡಿಕೊಳ್ಳುತ್ತೇನೆ. 6851ಕ್ಕೆ 17 ಹೋಗುತ್ತಾ? ಹದಿನೇಳೇಳ್ಲಿ 119, ಅದನ್ನು ಕೂಡಿಸಿದರೆ 6970. ಸೊನ್ನೆ ಬಿಟ್ಟರೆ 697, ಅಂದರೆ 680 ಮತ್ತು 17. ಹೋಯಿತು. ಭಾಗಿಸಿದರೆ 403, ಅದು 13 × 31.

ಇಷ್ಟಾದರೂ 5963ರಂಥವು ಜಾಸ್ತಿ ಕಾಡುತ್ತವೆ. ಒಂದೊಂದಾಗಿ ಹೋದರೆ ಹತ್ತೊಂಬತ್ತನೇ ಅವಿಭಾಜ್ಯದವರೆಗೆ ಏನೂ ಸಿಗುವುದಿಲ್ಲ. ಆಗ 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿದ ದಾರಿ ಹಿಡಿಯುತ್ತೇನೆ. ಸಂಖ್ಯೆಗಿಂತ ಸ್ವಲ್ಪ ದೊಡ್ಡ ವರ್ಗ ಹುಡುಕಬೇಕು: 78ರ ವರ್ಗ 6084. ಅದರಲ್ಲಿ 5963 ಕಳೆದರೆ 121, ಅದೂ 11ರ ವರ್ಗ! 78ಕ್ಕೆ 11 ಕೂಡಿಸಿ, 78ರಲ್ಲಿ 11 ಕಳೆದರೆ 89 × 67. ಎರಡು ತುಂಡುಗಳೂ ಹತ್ತಿರ ಹತ್ತಿರ ಇದ್ದರೆ ಇದು ಬೇಗ ಕೊಡುತ್ತದೆ, ದೂರ ಇದ್ದರೆ ಸುಮ್ನೆ ಸಮಯ ಹಾಳು. ಅದಕ್ಕೆ ಮೂರು ನಾಲ್ಕು ವರ್ಗ ನೋಡಿ ಬಿಟ್ಟುಬಿಡುತ್ತೇನೆ.

ಕಳೆದ ವಾರ ಒಂದು ಆಟೋ ಹಿಂದೆ 9973 ಕಂಡಿತು. ಒಡೆಯುವ ಸಂಖ್ಯೆಯಾದರೆ ನಡುವೆ ಎಲ್ಲೋ ಬಿಡುಗಡೆ ಸಿಗುತ್ತದೆ, ಇದು ಕೊಡಲಿಲ್ಲ. 83, 89, ಕೊನೆಗೆ 97ಕ್ಕೂ ಶೇಷ ಉಳಿಯಿತು. ನಾಲ್ಕಂಕಿಯ ಅತಿ ದೊಡ್ಡ ಅವಿಭಾಜ್ಯ ಅದು. ತಲೆ ಎತ್ತುವಷ್ಟರಲ್ಲಿ ಆಟೋ ಯಾವಾಗಲೋ ತಿರುವಿನಲ್ಲಿ ಮರೆಯಾಗಿತ್ತು.