ಕೂಸು ಕಟ್ಟಿಕೊಂಡು ಬೆಂಗಳೂರಿಗೆ: ಮೊದಲು ನಾಲ್ಕರಿಂದ ಏಳರ ಲೆಕ್ಕ ಮಾಡಿ

ಗಂಗಾವತಿಯಲ್ಲಿ ಯಾರಾದರೂ ಬೆಂಗಳೂರಿಗೆ ಹೊರಟರೆ ಜನ ಮೊದಲು ಕೇಳುವುದು, "ಪಗಾರ ಎಷ್ಟು?" ಆಮೇಲೆ, "ಬಾಡಿಗೆ ಎಷ್ಟು?" 2024ರ ಬೇಸಿಗೆಯಲ್ಲಿ ಎಂಟು ವರ್ಷದ ಮಗಳ ಜತೆ ನಾನೊಬ್ಬಳೇ ಹೊರಟಾಗಲೂ ಅದನ್ನೇ ಕೇಳಿದರು. ಶಾಲೆ ನಾಲ್ಕಕ್ಕೆ ಬಿಡುತ್ತದೆ, ನೀನು ಮನೆ ಮುಟ್ಟುವುದು ಏಳಕ್ಕೆ, ನಡುವಿನ ಮೂರು ತಾಸು ಕೂಸು ಎಲ್ಲಿರುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಅದರ ದಂಡ ಆಮೇಲೆ ಕಟ್ಟಿದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಮಗು ಜತೆ ಒಂಟಿಯಾಗಿ ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ತಪ್ಪಿದ ಕಡೆ ನೀವು ತಪ್ಪಬೇಡಿ.

ಊರು ಬಿಡುವ ಮುಂಚೆ ಕಾಗದಪತ್ರ

ಮೊದಲು 371ಜೆ ಅರ್ಹತಾ ಪ್ರಮಾಣಪತ್ರ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಕಾಗದ. ನಿಮ್ಮದೂ ಮಾಡಿಸಿ, ಮಗುವಿನದೂ ಮಾಡಿಸಿ. ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ ಆಫೀಸು. ಮಗು ಬೆಂಗಳೂರಲ್ಲಿ ಓದಿದರೂ ನಾಳೆ ಕಾಲೇಜು ಸೀಟಿಗೆ, ಸರ್ಕಾರಿ ನೌಕರಿಗೆ ಇದು ಬೇಕೇ ಬೇಕು. ನಮ್ಮ ಭಾಗದ ಹೊರಗಿನ ಸೀಟುಗಳಲ್ಲೂ ಶೇ 8 ಮೀಸಲಿದೆ. ಹಳೇ ಶಾಲೆ ದಾಖಲೆ, ಪರಿಶೀಲನೆ ಎಲ್ಲಾ ಆಗುವುದು ಊರಲ್ಲೇ. ಹೋದ ಮೇಲೆ ಮಾಡಿಸುತ್ತೇನೆ ಅಂದರೆ ರಜೆ ಹಾಕಿ ಹಾಕಿ ಸುಸ್ತಾಗುತ್ತೀರಿ.

ಹಳ್ಳಿ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಮಗು ಎಂಟನೇ ತರಗತಿಯಲ್ಲಿದ್ದರೆ ಎರಡು ವರ್ಷ ತಡೆಯುವುದು ಒಳ್ಳೆಯದಾ ಅಂತ ಒಮ್ಮೆ ಯೋಚಿಸಿ. ಎರಡನೇ ತರಗತಿಯಲ್ಲಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರು ಇನ್ನೂ ಗಂಡನ ಮನೆಯಲ್ಲೇ ಇದ್ದರೆ ತೆಗೆಸಿ ಬೇರೆ ಕಾರ್ಡಿಗೆ ಅರ್ಜಿ ಹಾಕಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಮನೆಯೊಡತಿ ಯಾರೋ ಅವರಿಗೆ. ಅಕ್ಕಿಯನ್ನು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ತರಬಹುದು.

ಕೋರ್ಟಿನಲ್ಲಿ ಡೈವೋರ್ಸ್ ಅಥವಾ ಮಗುವಿನ ಕಸ್ಟಡಿ ಕೇಸು ಇದೆಯಾ? ಹಾಗಿದ್ದರೆ ವಕೀಲರನ್ನು ಕೇಳದೆ ಮಗುವನ್ನು ಬೇರೆ ಊರಿಗೆ ಕರೆದೊಯ್ಯಬೇಡಿ. ತಂದೆ ಮಗುವನ್ನು ನೋಡುವ ದಿನಗಳನ್ನು ಕೋರ್ಟು ಗೊತ್ತು ಮಾಡಿದ್ದರೆ ನೀವು ಮೊದಲು ಅನುಮತಿ ಕೇಳಬೇಕಾಗಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯುವುದು ಬೇಡ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ. ಸಹಾಯವಾಣಿ 15100.

ಒಂದೇ ಸಲಕ್ಕೆ ಗಂಟುಮೂಟೆ ಕಟ್ಟಬೇಡಿ

ಶಕ್ತಿ ಯೋಜನೆ ಬಂದ ಮೇಲೆ ನಮಗೊಂದು ಅನುಕೂಲ ಆಗಿದೆ. ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಬೆಂಗಳೂರುವರೆಗೂ ಟಿಕೆಟ್ ದುಡ್ಡಿಲ್ಲ. ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ರಾತ್ರಿಯಿಡೀ ಕೂತು ಹೋದರೆ ಸೊಂಟ ಹಿಡಿಯುತ್ತದೆ, ಅದು ನಿಜ. ಆದರೂ ಸಾಮಾನು ಸಾಗಿಸುವ ಮುಂಚೆ ನಾಲ್ಕು ಸಲ ಹೋಗಿ ಬಂದೆ. ಬೆಳಿಗ್ಗೆ ಇಳಿದು, ಮನೆ, ಶಾಲೆ ನೋಡಿ, ರಾತ್ರಿ ಬಸ್ ಹತ್ತುವುದು. ಊರೊಳಗೂ ಬಿಎಂಟಿಸಿಯ ಸಾಮಾನ್ಯ ಬಸ್ಸು ಫ್ರೀ. ಮೆಟ್ರೋ ಮಾತ್ರ ಫ್ರೀ ಅಲ್ಲ. 2025ರ ಫೆಬ್ರುವರಿಯಲ್ಲಿ ಅದರ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು. ಹಾಗಾಗಿ ದಿನಾ ಮೆಟ್ರೋ ಹತ್ತುವ ಕೆಲಸವಾದರೆ ಬಾಡಿಗೆಯ ಜತೆ ಅದನ್ನೂ ಕೂಡಿಸಿ ನೋಡಿ.

ಮಾರ್ಚ್, ಏಪ್ರಿಲ್‌ನಲ್ಲೇ ಮನೆ ನೋಡಿ. ನೀರಿನ ಬಣ್ಣ ಬಯಲಾಗುವುದು ಆಗಲೇ. ನಾನು ಮನೆ ಹುಡುಕಿದ್ದು 2024ರ ಮಾರ್ಚಿನಲ್ಲಿ. ಬೆಂಗಳೂರಿಗೆ ನೀರಿಲ್ಲದ ಕಾಲ. ಓನರ್ "ನೀರಿಗೇನೂ ತೊಂದರೆ ಇಲ್ಲಮ್ಮಾ" ಅನ್ನುತ್ತಿರುವಾಗಲೇ ಹಿಂದೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಕಾವೇರಿ ನೀರಾ, ಬೋರಾ, ಟ್ಯಾಂಕರಾ ಅಂತ ಓನರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳಿ.

ನಾಲ್ಕರಿಂದ ಏಳು

ಇದೇ ಮುಖ್ಯ. ಬಹಳ ಜನ ಮೊದಲು ಕೆಲಸ ಹಿಡಿದು, ಆಮೇಲೆ ಕಡಿಮೆ ಬಾಡಿಗೆಯ ಮನೆ ಹುಡುಕಿ, ಕೊನೆಗೆ ಶಾಲೆ ನೋಡುತ್ತಾರೆ. ಮಗುವನ್ನು ನೋಡಿಕೊಳ್ಳುವವರ ಮಾತು ಬರುವುದು ಎಲ್ಲಾ ಮುಗಿದ ಮೇಲೆ. ಇದನ್ನು ತಿರುವಿ ಹಾಕಿ. ಕೆಲಸದ ಜಾಗ ಗೊತ್ತಾದ ಕೂಡಲೇ ಅದರ ಸುತ್ತ ಮಗುವನ್ನು ಇಟ್ಟುಕೊಳ್ಳುವ ಜನ ಎಲ್ಲಿದ್ದಾರೆ ನೋಡಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಶಾಲೆ. ಮನೆ ಅವೆರಡರ ನಡುವೆ. ಬಾಡಿಗೆ ಸಾವಿರ, ಎರಡು ಸಾವಿರ ಜಾಸ್ತಿ ಆದರೂ ನಷ್ಟವಿಲ್ಲ.

ನನಗೆ ಸಿಕ್ಕ ಕೆಲಸ ಪೀಣ್ಯದ ಒಂದು ಕಂಪನಿಯಲ್ಲಿ, ಲೆಕ್ಕ ಬರೆಯುವುದು. ಬಾಡಿಗೆ ಉಳಿಸಲು ಹೋಗಿ ಎರಡು ಬಸ್ ಬದಲಿಸುವಷ್ಟು ದೂರ ಮನೆ ಮಾಡಿದೆ. ಪಕ್ಕದ ಮನೆಯಾಕೆ ಸಂಜೆ ಮಗಳನ್ನು ನೋಡಿಕೊಳ್ಳುತ್ತೇನೆ ಅಂದಿದ್ದರು. ಮೂರನೇ ವಾರ ಅವರು ಊರಿಗೆ ಹೋದರು, ನನಗೆ ಹೇಳುವುದು ಮರೆತರು. ಅವತ್ತು ಮಳೆ, ಟ್ರಾಫಿಕ್ಕು. ನಾನು ಬಂದಾಗ ಏಳೂಮುಕ್ಕಾಲು. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಳು, ಟಿಫಿನ್ ಡಬ್ಬಿಯಲ್ಲಿ ಉಳಿದಿದ್ದ ಮಂಡಾಳು ಒಂದೊಂದೇ ತಿನ್ನುತ್ತಿದ್ದಳು. ಅಳುತ್ತಿರಲಿಲ್ಲ. "ಲೈಟ್ ಸ್ವಿಚ್ ಎತ್ತರಕ್ಕೈತವ್ವಾ" ಅಂದಳು, ಅಷ್ಟೇ. ಮುಂದಿನ ತಿಂಗಳೇ ಮನೆ ಬದಲಿಸಿದೆ. ಹಳೇ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೇ ಅಡ್ವಾನ್ಸ್ ವಾಪಸ್ ಕೊಟ್ಟರು.

ಮಗು ಚಿಕ್ಕದಿದ್ದರೆ ಇಂಟರ್‌ವ್ಯೂನಲ್ಲೇ ಕೂಸಿನ ಕೋಣೆಯ ವಿಚಾರ ಕೇಳಿ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆ ಇದೆ ಅಂದ ಮಾತ್ರಕ್ಕೆ ಕೋಣೆ ಇರುತ್ತದೆ ಅಂತಲ್ಲ. ತೋರಿಸಿ ಅನ್ನಿ, ಕಣ್ಣಾರೆ ನೋಡಿ.

ಶಾಲೆ

ಟಿಸಿ ಮತ್ತು ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಕೊಟ್ಟ ನಂಬರ್) ತೆಗೆದುಕೊಂಡೇ ಹೊರಡಿ. ಎಂಟನೇ ತರಗತಿವರೆಗಿನ ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವಾಗ ಟಿಸಿ ತಡವಾಯಿತು ಅಂತ ಸೀಟು ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಇದಿದೆ. ಅದೇ ಕಾಯ್ದೆ ಪ್ರಕಾರ ಪೋಷಕರು ಅಂದರೆ ತಂದೆ ಅಥವಾ ತಾಯಿ. "ಅಪ್ಪನ ಸಹಿ ಎಲ್ಲಿ?" ಅಂತ ಯಾರಾದರೂ ಫಾರಂ ವಾಪಸ್ ತಳ್ಳಿದರೆ ಮೆತ್ತಗೆ ಇದನ್ನು ನೆನಪಿಸಿ.

ಇದೇ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಅಡಿ ಪ್ರೈವೇಟ್ ಶಾಲೆಯಲ್ಲಿ ಪುಕ್ಕಟೆ ಸೀಟು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅದು ಸಿಗುವುದಿಲ್ಲ. ಬೆಂಗಳೂರಲ್ಲಿ ಅಂಥ ಶಾಲೆ ಇಲ್ಲದ ಏರಿಯಾ ಸಿಗುವುದು ಕಷ್ಟ.

"ಯಜಮಾನ್ರು ಏನ್ ಮಾಡ್ತಾರೆ?"

ಓನರ್‌ಗಳು ಮೊದಲು ಕೇಳುವುದು ಇದನ್ನೇ. ಒಂದು ಮನೆಯಲ್ಲಿ ಬಾಯಿಗೆ ಬಂದಂತೆ "ದುಬೈನಲ್ಲಿದ್ದಾರೆ" ಅಂದುಬಿಟ್ಟೆ. ಅಗ್ರಿಮೆಂಟ್ ದಿನ ಓನರ್, "ಹಾಗಾದ್ರೆ ಒಂದ್ ವಿಡಿಯೋ ಕಾಲ್ ಮಾಡಿ, ಮಾತಾಡೋಣ" ಅಂದರು. ಆ ಮನೆ ಅಲ್ಲಿಗೇ ಹೋಯಿತು. ಆಮೇಲಿಂದ ನನ್ನದು ಒಂದೇ ಉತ್ತರ: "ಇರೋದು ನಾನು, ನನ್ನ ಮಗಳು. ಐದನೇ ತಾರೀಕಿನೊಳಗೆ ಬಾಡಿಗೆ ಬರುತ್ತದೆ." ಜತೆಗೆ ಕಂಪನಿ ಐಡಿ, ಪಗಾರದ ಚೀಟಿ. ಎರಡು ಮನೆಯವರು ಇಲ್ಲ ಅಂದರು, ಮೂರನೆಯವರು ಬೀಗದ ಕೈ ಕೊಟ್ಟರು. ಒಂಟಿ ಅಪ್ಪಂದಿರ ಪಾಡು ಬೇರೆ, ಅವರನ್ನು ಬ್ಯಾಚುಲರ್ ಲೆಕ್ಕಕ್ಕೇ ಹಾಕುತ್ತಾರೆ. ಮನೆ ನೋಡಲು ಮಗುವನ್ನೂ ಕರೆದುಕೊಂಡು ಹೋಗಿ ಅಂತ ಅವರಿಗೆ ಹೇಳುತ್ತೇನೆ.

ನನ್ನ ಈಗಿನ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಬಾಡಿಗೆ 8,500. ಅಡ್ವಾನ್ಸ್ 60,000 ಕೇಳಿದರು, 50,000ಕ್ಕೆ ಒಪ್ಪಿಸಿದೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಅಂದರೆ ಹಾಲು ಉಕ್ಕಿಸುವ ಮುಂಚೆಯೇ 67,000 ಖರ್ಚು. ಅದರ ಮೇಲೆ ಮೂರು ತಿಂಗಳ ಊಟ, ಬಾಡಿಗೆಯ ದುಡ್ಡು ಕೈಯಲ್ಲಿಲ್ಲದೆ ಹೊರಡಬೇಡಿ.

ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಲಕ್ಷಗಟ್ಟಲೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಲೀಸ್ ಮನೆ ಆಸೆ ಹುಟ್ಟಿಸುತ್ತದೆ, ಅದರಲ್ಲೂ ಡೈವೋರ್ಸಿನ ದುಡ್ಡು ಕೈಯಲ್ಲಿದ್ದಾಗ. ಓನರ್ ಬ್ಯಾಂಕ್ ಸಾಲ ಕಟ್ಟದೆ ಮನೆ ಜಪ್ತಿಯಾದರೆ ಆ ದುಡ್ಡಿಗೆ ನೀವು ಅಲೆಯಬೇಕು. ನನ್ನ ಮಾತು ಕೇಳಿದರೆ, ಬೇಡ.

ಕರೆಂಟಿನದು ಸಣ್ಣ ಕೆಲಸ, ಆದರೆ ಮರೆಯಬೇಡಿ. ಊರಲ್ಲಿ ಜೆಸ್ಕಾಂ ಮೀಟರಿಗೆ ಜೋಡಿಸಿದ ಗೃಹಜ್ಯೋತಿಯನ್ನು ಬಿಡಿಸಿ, ಇಲ್ಲಿ ಬೆಸ್ಕಾಂ ಮೀಟರಿಗೆ ಜೋಡಿಸಬೇಕು. ಹಿಂದಿನ ಬಾಡಿಗೆಯವರು ತಮ್ಮದನ್ನು ಬಿಡಿಸಿದ್ದಾರಾ ಕೇಳಿ.

ಸಾಮಾನು

ಪೂರ್ತಿ ಲಾರಿ ಮಾಡಬೇಡಿ. ಗಂಗಾವತಿಯ ಅಕ್ಕಿ ಲಾರಿಗಳು ಯಶವಂತಪುರದ ಎಪಿಎಂಸಿಗೆ ಹೋಗುತ್ತಲೇ ಇರುತ್ತವೆ. ನನ್ನ ಹಾಸಿಗೆ, ಪಾತ್ರೆ, ಮಗಳ ಸೈಕಲ್ ಅಕ್ಕಿ ಮೂಟೆ ಜತೆ ಬಂದವು. ಜೋಳದ ಹಿಟ್ಟು ತಿಂಗಳಿಗಾಗುವಷ್ಟು ಸಾಕು. ಆಮೇಲೆ ಇಲ್ಲೇ ಸಿಗುತ್ತದೆ.

ಜೋಳದ ಹಿಟ್ಟು ಹುಡುಕುತ್ತಲೇ ನನಗೆ ಲಿಂಗಸುಗೂರಿನ ಅಕ್ಕ ಸಿಕ್ಕರು. ನಮ್ಮ ಬೀದಿಯ ತುದಿಯಲ್ಲೇ ರೊಟ್ಟಿ ಬಡಿದು ಮಾರುತ್ತಾರೆ. ಈಗ ಮಗಳು ಶಾಲೆ ಬಿಟ್ಟು ಸೀದಾ ಅಲ್ಲಿಗೆ ಹೋಗುತ್ತಾಳೆ, ನಾನು ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ. ಬೀಗದ ಇನ್ನೊಂದು ಕೈ ಅವರ ಹತ್ತಿರವೇ ಇದೆ. ಮಗಳ ಬ್ಯಾಗಿನ ಒಳಜೇಬಿನಲ್ಲಿ ಒಂದು ಚೀಟಿ ಇದೆ, ಅವಳೇ ಬರೆದದ್ದು. ಮೊದಲನೇ ನಂಬರ್ ನನ್ನದು, ಎರಡನೆಯದು ಆಫೀಸಿನದು. ಮೂರನೆಯದರ ಮುಂದೆ "ರೊಟ್ಟಿ ದೊಡ್ಡವ್ವ" ಅಂತಿದೆ.