ಬೇನ್ ಬೇಕು ಅಂದಾಗ ನಕ್ಕವರಿಗೆ: ನನ್ನ ಡ್ರಾಫ್ಟ್ ಪಟ್ಟಿಯ ಅನುಭವ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವರ್ಷಕ್ಕೊಮ್ಮೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. 2020ರಲ್ಲಿ ನಮ್ಮ ತಂಡ ಡಾಲಸ್ ಮ್ಯಾವರಿಕ್ಸ್ ಕೈಯಲ್ಲಿ 18ನೇ ಸರದಿ ಇತ್ತು. ನಮ್ಮ ಗೆಳೆಯರ ಗುಂಪಿನಲ್ಲಿ ನಾನು ಒಂದೇ ಹೆಸರು ಜಪ ಮಾಡುತ್ತಿದ್ದೆ, ಡೆಸ್ಮಂಡ್ ಬೇನ್. ಎಲ್ಲರೂ ನಕ್ಕರು. ನಾಲ್ಕು ವರ್ಷ ಕಾಲೇಜಿನಲ್ಲೇ ಕೂತವನು, ಕೈ ಗಿಡ್ಡ, ಪಕ್ಕದ ಫೋರ್ಟ್ ವರ್ತ್‌ನ ಟಿಸಿಯು ಕಾಲೇಜಿನಲ್ಲಿ ಆಡಿದ ಅಂತ ನಿನಗೆ ಮಮಕಾರ ಅಷ್ಟೇ ಅಂದರು. ತಂಡ ಅರಿಜೋನಾ ಕಾಲೇಜಿನ ಜಾಶ್ ಗ್ರೀನ್‌ನನ್ನು ತೆಗೆದುಕೊಂಡಿತು. ಬೇನ್ 30ನೇ ಸರದಿಯವರೆಗೆ ಜಾರಿ ಮೆಂಫಿಸ್ ತಂಡ ಸೇರಿದ. 2025ರ ಜೂನ್‌ನಲ್ಲಿ ಇದೇ ಹುಡುಗನನ್ನು ಪಡೆಯೋಕೆ ಒರ್ಲ್ಯಾಂಡೊ ತಂಡ ಮೆಂಫಿಸ್‌ಗೆ ನಾಲ್ಕು ಮೊದಲ ಸುತ್ತಿನ ಸರದಿ ಕೊಟ್ಟಿತು, ಮೇಲೆ ಇಬ್ಬರು ಆಟಗಾರರು ಬೇರೆ. ಆ ದಿನ ಗುಂಪಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡ್ರಾಫ್ಟಿಗೆ ಯಾರು ಒಳ್ಳೆಯವರು ಅಂತ ಪಟ್ಟಿ ಮಾಡುವ ಚಟ ಹಳೆಯದು. 2011ರಲ್ಲಿ ನಾವೇ ಚಾಂಪಿಯನ್, ಸರದಿ ಬರೋದೇ ಕೊನೆಯ ಕಡೆಗೆ, ಆದರೂ ಪಟ್ಟಿ ಮಾಡಿದ್ದೆ. ಆಗ ಪಾಯಿಂಟ್ ಒಂದೇ ಅಳತೆ. ಜಿಮ್ಮರ್ ಫ್ರೆಡೆಟ್ ಪಂದ್ಯಕ್ಕೆ ಹತ್ತಿರ ಹತ್ತಿರ 29 ಹೊಡೆಯುತ್ತಿದ್ದ, ಹಾಗಾಗಿ ಅವನೇ ಮೇಲೆ. ಅವನು 10ನೆಯವನಾಗಿ ಹೋದ. 11ಕ್ಕೆ ಹೋದವನು ಕ್ಲೇ ಥಾಂಪ್ಸನ್, 15ಕ್ಕೆ ಕವಾಯ್ ಲೆನರ್ಡ್, ದೊಡ್ಡ ತಾರೆಗಳಾದವರು ಅವರಿಬ್ಬರು! ಆಮೇಲೆ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ಅಡ್ಡ ಬಾರದೆ ಸಿಗುವ ಎಸೆತ, ಅದೊಂದನ್ನೇ ಹಿಡಿದೆ. ಅದೂ ಕೈಕೊಟ್ಟಿತು. ಸುಮ್ನೆ ನಿಂತು ಎಸೆಯುವವನಿಗೆ ಎದುರಿಗೆ ಕೈ ಬಂದರೆ ಏನಾಗುತ್ತೆ ಅಂತ ಅದು ಹೇಳುವುದಿಲ್ಲ. ಒಂದು ಡೇಟಾ ಸೈಟಿಗೆ ವರ್ಷಕ್ಕೆ 200 ಡಾಲರ್ ಆಸುಪಾಸು ಕಟ್ಟಿದೆ. ಎರಡು ವರ್ಷ ಕಟ್ಟಿದ ಮೇಲೆ ತಿಳೀತು, ಅದರಲ್ಲಿ ಇರೋದು ಬಹುಪಾಲು ಬಿಟ್ಟಿ ಸಿಗುವ ಅಂಕಿಗಳೇ. ಬೆಟ್ಟಿನಲ್ಲಿ ಕಳೆದುಕೊಂಡ ಊಟಗಳ ಲೆಕ್ಕ ಮನೆಯವಳ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ.

ಕೊನೆಗೆ ದುಡ್ಡನ್ನು ಟಿಕೆಟಿಗೆ ಹಾಕಿದೆ. ಕಾಲೇಜು ಪಂದ್ಯ, ಮೇಲಿನ ಸಾಲು, ವಾರದ ನಡುವೆ ಆದರೆ 15-20 ಡಾಲರ್. ಪಾರ್ಕಿಂಗೇ ಜಾಸ್ತಿ ಹೊಡೆಯುತ್ತೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ, ನನಗೆ ಬೇಕಾಗಿದ್ದು ಚೆಂಡು ಇಲ್ಲದವನು. ಬೇನ್‌ನನ್ನು ಹಾಗೆ ನೋಡಿದೆ. ಮೂಲೆಯಲ್ಲಿ ನಿಂತವನು, ಪಾಸ್ ಇನ್ನೂ ಗಾಳಿಯಲ್ಲಿರುವಾಗಲೇ ಎರಡು ಹೆಜ್ಜೆ ಸರಿದು, ಪಾದ ಬುಟ್ಟಿಯ ಕಡೆ ತಿರುಗಿಸಿಕೊಂಡಿರುತ್ತಿದ್ದ, ಚೆಂಡು ಕೈಗೆ ಬಿದ್ದ ಮೇಲೆ ಕಾಲು ಹೊಂದಿಸಿಕೊಳ್ಳೋ ಕೆಲಸವೇ ಇರಲಿಲ್ಲ. ಎಸೆತ ನೋಡೋಕೆ ಚೆಂದ ಏನಲ್ಲ, ಭುಜದಿಂದ ತಳ್ಳಿದ ಹಾಗೆ. ಆದರೆ ಎರಡನೇ ವರ್ಷದಿಂದ ಮೂರು ಪಾಯಿಂಟಿನ ಎಸೆತದಲ್ಲಿ ನೂರಕ್ಕೆ 40ರ ಕೆಳಗೆ ಇಳಿಯಲೇ ಇಲ್ಲ. ಕೊನೆಯ ವರ್ಷ ಎಸೆತ ಜಾಸ್ತಿಯಾದರೂ 44ರ ಹತ್ತಿರ. ಅಸಿಸ್ಟ್, ಅಂದರೆ ಜೊತೆಯವನ ಬುಟ್ಟಿಗೆ ದಾರಿ ಮಾಡಿದ ಪಾಸ್, ಕೂಡ ಏರಿ ಪಂದ್ಯಕ್ಕೆ ನಾಲ್ಕರ ಹತ್ತಿರ ಬಂತು. ಎಸೆತ ಹೆಚ್ಚಿದಾಗ ಶೇಕಡಾ ಬೀಳದವನು, ಅದರ ಜೊತೆ ಪಾಸ್ ಕಲಿತವನು. ನನ್ನ ಹಾಳೆಯ ಮೊದಲ ಎರಡು ಕಾಲಂ ಇವೇ. ಮೂರನೆಯದು ಟೈಮ್‌ಔಟ್ ಮುಗಿದ ತಕ್ಷಣದ ಒಂದು ವಿಷಯ. ಅದನ್ನು ಹೇಳಲ್ಲ, ಕ್ಷಮಿಸಿ.

ಬೇನ್‌ಗೂ ಮೊದಲು ಈ ಹಾಳೆ ಹಿಡಿದಿದ್ದು ಜೇಲನ್ ಬ್ರನ್ಸನ್‌ನನ್ನು. ವಿಲನೋವಾ ಕಾಲೇಜಿನ ಜೊತೆ ಎರಡು ರಾಷ್ಟ್ರೀಯ ಪ್ರಶಸ್ತಿ, ಕೊನೆಯ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ, ಆದರೂ ಕುಳ್ಳ ಅಂತ 33ರವರೆಗೆ ಬಿಟ್ಟರು. 2018ರಲ್ಲಿ, ಲೂಕಾ ಡೋಂಚಿಚ್ ಬಂದ ರಾತ್ರಿಯೇ, ಡಾಲಸ್ ಅವನನ್ನೂ ಎತ್ತಿಕೊಂಡಿತು. ನಾನು ಕುಣಿದೆ. ಉಳಿದವರಿಗೆ ಲೂಕಾ ಬಿಟ್ಟು ಬೇರೇನೂ ಕಾಣಲಿಲ್ಲ. 2022ರ ಪ್ಲೇಆಫ್‌ನಲ್ಲಿ ಲೂಕಾ ಇಲ್ಲದ ದಿನ ಯೂಟಾ ಮೇಲೆ 41 ಹೊಡೆದಾಗ ಎಲ್ಲರಿಗೂ ಕಂಡಿತು. ಅದಾಗಿ ಕೆಲವೇ ತಿಂಗಳಿಗೆ ನ್ಯೂಯಾರ್ಕ್‌ಗೆ ಹೋದ, ನಾಲ್ಕು ವರ್ಷಕ್ಕೆ 104 ಮಿಲಿಯನ್ ಡಾಲರ್. ಆ ವಿಷಯ ಬೇಡ ಬಿಡಿ, ಹೊಟ್ಟೆ ಉರಿಯುತ್ತೆ.

ನಡುವೆ ಈ ಹಾಳೆಯನ್ನು ಐಪಿಎಲ್ ಹರಾಜಿಗೂ ಹಚ್ಚಿ ನೋಡಿದೆ. ಆಗಲಿಲ್ಲ. ಡ್ರಾಫ್ಟ್‌ನಲ್ಲಿ ಸರದಿ ಬಂದಾಗ ಕೈಗೆ ಸಿಕ್ಕವನನ್ನು ಎತ್ತೋದು, ಪಕ್ಕದವನು ಬೆಲೆ ಏರಿಸಲಾರ. ಹರಾಜಿನಲ್ಲಿ ನಾನು ಒಳ್ಳೆಯವನನ್ನು ಗುರುತಿಸಿದರೂ ಎದುರಿನ ಮೇಜಿನವರು ಕೈ ಎತ್ತಿದರೆ ಲೆಕ್ಕವೆಲ್ಲ ತಲೆಕೆಳಗು. ವಯಸ್ಸಿನ ಕಾಲಂ ಕೂಡ ಕ್ರಿಕೆಟ್‌ನಲ್ಲಿ ಏನೂ ಹೇಳಲಿಲ್ಲ.

2025ರ ಡ್ರಾಫ್ಟಿನ ಕೂಪರ್ ಫ್ಲಾಗ್ ವಿಷಯದಲ್ಲಿ ಮಾತ್ರ ನನ್ನ ಹಾಳೆಗೆ ಕೆಲಸವೇ ಇರಲಿಲ್ಲ. ಡ್ಯೂಕ್ ಕಾಲೇಜಿನ ಆ ಹುಡುಗನನ್ನು ಯಾರು ಬೇಕಾದರೂ ಮೊದಲು ಇಡುತ್ತಿದ್ದರು. ಮೊದಲ ಸರದಿ ಯಾರಿಗೆ ಅಂತ ಲಾಟರಿ ಎತ್ತುತ್ತಾರೆ, ಅದು ನಮಗೆ ಸಿಗುವ ಅವಕಾಶ ನೂರಕ್ಕೆ 1.8. ಅದೇ ಬಂತು! ಅದೃಷ್ಟಕ್ಕೆ ಕಾಲಂ ಹಾಕೋಕಾಗಲ್ಲ, ಅಲ್ವಾ?

ನನ್ನ ಆಟ ಇರೋದು 20ರಿಂದ 40ನೇ ಸರದಿಯ ನಡುವೆ. ಮೂರು-ನಾಲ್ಕು ವರ್ಷ ಕಾಲೇಜು ಆಡಿ ಹಳಬ ಅನ್ನಿಸಿಕೊಂಡವರು ಅಲ್ಲೇ ಅಗ್ಗಕ್ಕೆ ಸಿಗೋದು. ಮುಂದಿನ ಡ್ರಾಫ್ಟಿಗೆ ಒಬ್ಬನ ಮೇಲೆ ಕಣ್ಣಿಟ್ಟಿದ್ದೇನೆ, ಡ್ರಾಫ್ಟಿಗೆ ಮೊದಲು ಜನ ಹಾಕುವ ಯಾವ ಅಂದಾಜು ಪಟ್ಟಿಯ ಮೊದಲ ಸುತ್ತಿನಲ್ಲೂ ಅವನಿಲ್ಲ. ಹೆಸರು ಬೇಕಿದ್ದವರು ಮೊದಲು ಒಂದು ಊಟ ಬೆಟ್ ಕಟ್ಟಿ. ಈ ಸಲ ಬಿರಿಯಾನಿಗಿಂತ ಕಮ್ಮಿಗೆ ನಾನು ಒಪ್ಪಲ್ಲ.